ತರಗತಿಯಲ್ಲಿ ಧರ್ಮಗಳ ಪಾಠ: ಬೆಂಗಳೂರಿನ ಹೈಸ್ಕೂಲ್ ಶಿಕ್ಷಕರಿಗೊಂದು ಕೈಪಿಡಿ

ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಬುದ್ಧ, ಮಹಾವೀರ, ಶಂಕರ, ರಾಮಾನುಜ, ಮಧ್ವ, ಬಸವಣ್ಣ, ಯೇಸು, ಪೈಗಂಬರ್ ಎಲ್ಲರೂ ಬರುತ್ತಾರೆ. ಬಹಳಷ್ಟು ಕಡೆ ಈ ಪಾಠ ಒಂದೇ ಪೀರಿಯಡ್‌ಗೆ ಮುಗಿದುಹೋಗುತ್ತದೆ: ಹುಟ್ಟಿದ ಊರು, ತಂದೆತಾಯಿ, ಬೋಧನೆಯ ನಾಲ್ಕು ಅಂಶ, ಬರೆದುಕೊಳ್ಳಿ. ಇದಕ್ಕೆ ಮೂಲ ಅಳುಕು. ಮಾತು ಒಂದು ಹೆಚ್ಚಾದರೂ ನಾಳೆ ಗೇಟಿನ ಹತ್ತಿರ ಯಾರು ಬಂದು ನಿಲ್ಲುತ್ತಾರೋ ಎಂಬ ಭಯ. ಆದರೆ ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳು ಪಕ್ಕದವರ ಮನೆಯ ಹಬ್ಬ, ಉಪವಾಸ, ಊಟದ ಬಗ್ಗೆ ವಾಟ್ಸಾಪ್ ನೋಡಿ ಕಲಿಯುವುದಕ್ಕಿಂತ ನಿಮ್ಮಿಂದ ಕಲಿಯುವುದು ಎಷ್ಟೋ ಮೇಲು. ಹಾಗೆ ಕಲಿಸಲು ಬೇಕಾದ ತಯಾರಿ ಇಲ್ಲಿದೆ.

ಮೊದಲು ನಿಮ್ಮ ಶಾಲೆ ಯಾವ ಬಗೆಯದು ನೋಡಿಕೊಳ್ಳಿ

ಸಂವಿಧಾನದ 28ನೇ ವಿಧಿಯನ್ನು ಪ್ರತಿ ಶಿಕ್ಷಕರೂ ಒಮ್ಮೆ ಓದಿಕೊಳ್ಳಬೇಕು. ಇರುವುದೇ ಮೂರು ಉಪವಿಧಿ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ ಎನ್ನುತ್ತದೆ ಮೊದಲನೆಯದು. ಯಾವುದೋ ದತ್ತಿ ಅಥವಾ ಟ್ರಸ್ಟ್ ಧರ್ಮಬೋಧನೆ ಇರಬೇಕೆಂದು ಷರತ್ತು ಹಾಕಿ ಕಟ್ಟಿದ ಶಾಲೆಯನ್ನು ಸರ್ಕಾರ ನಡೆಸುತ್ತಿದ್ದರೆ ಅದಕ್ಕೆ ವಿನಾಯಿತಿ ಕೊಡುತ್ತದೆ ಎರಡನೆಯದು. ಮೂರನೆಯದನ್ನು ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಮರೆಯುವವರೇ ಹೆಚ್ಚು: ಶಾಲೆಗೆ ಸರ್ಕಾರದ ಮಾನ್ಯತೆ ಇದ್ದರೆ ಸಾಕು, ಅನುದಾನ ಇಲ್ಲದಿದ್ದರೂ ಸರಿ, ಯಾವ ಮಗುವನ್ನೂ ಧರ್ಮಬೋಧನೆಗೋ ಪೂಜೆ ಪ್ರಾರ್ಥನೆಗೋ ಒತ್ತಾಯದಿಂದ ಕೂರಿಸುವಂತಿಲ್ಲ. ಮಗು ಅಪ್ರಾಪ್ತ ವಯಸ್ಸಿನದಾದ್ದರಿಂದ ಪೋಷಕರ ಒಪ್ಪಿಗೆ ಬೇಕು. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಆ ಶಾಲೆಗೆ ಮಾನ್ಯತೆ ಸಿಕ್ಕಿದ್ದರೆ ಅಲ್ಲಿಗೂ ಈ ಒಪ್ಪಿಗೆಯ ನಿಯಮ ಅನ್ವಯಿಸುತ್ತದೆ. ಮಠದ ಶಾಲೆ, ಕಾನ್ವೆಂಟ್, ಮುಸ್ಲಿಂ ಟ್ರಸ್ಟಿನ ಶಾಲೆ, ಜೈನ ಶಾಲೆ, ಯಾವುದೇ ಆದರೂ ಲೆಕ್ಕ ಒಂದೇ.

ಹಾಗಾದರೆ ಸರ್ಕಾರಿ ಶಾಲೆಯಲ್ಲಿ ಧರ್ಮದ ಸುದ್ದಿಯನ್ನೇ ಎತ್ತಬಾರದೇ? ಎತ್ತಬಹುದು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ. 1964–66ರ ಕೊಠಾರಿ ಶಿಕ್ಷಣ ಆಯೋಗ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿತ್ತು. ಗುರು ನಾನಕರ ಜೀವನ ಮತ್ತು ಬೋಧನೆಯ ಅಧ್ಯಯನ ಕುರಿತ 1971ರ ಡಿಎವಿ ಕಾಲೇಜು ಪ್ರಕರಣದಲ್ಲೂ, ಪಠ್ಯಕ್ರಮ ಕುರಿತ 2002ರ ಅರುಣಾ ರಾಯ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಒಪ್ಪಿಕೊಂಡದ್ದು ಇದನ್ನೇ: ಓದಿ ತಿಳಿಯುವುದಕ್ಕೆ 28ನೇ ವಿಧಿಯ ಅಡ್ಡಿಯಿಲ್ಲ.

ನೀವು ಗೆರೆಯ ಯಾವ ಕಡೆ ಇದ್ದೀರಿ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಪಾಠ ಮುಗಿದ ಮೇಲೆ ಮಗು ಏನು ಮಾಡಬೇಕು ಎಂದು ನೀವು ಬಯಸುತ್ತೀರಿ? ನಂಬಬೇಕು, ಕೈಮುಗಿಯಬೇಕು, ಬಿಡಬೇಕು, ಬದಲಾಗಬೇಕು ಎಂದಾದರೆ ಅದು ಬೋಧನೆ. ವಿವರಿಸಬೇಕು, ಹೋಲಿಸಬೇಕು, ಪ್ರಶ್ನೆ ಕೇಳಬೇಕು ಎಂದಾದರೆ ಪಾಠ.

ಪೋಷಕರಿಗೆ ಮೊದಲೇ ತಿಳಿಸಿ

ಪಾಠ ಶುರುವಾಗುವ ಹತ್ತು ದಿನ ಮೊದಲು ಒಂದು ಪುಟದ ಪತ್ರ ಕಳಿಸಿ. ಕನ್ನಡದಲ್ಲಿರಲಿ, ತಮಿಳು, ಉರ್ದು, ತೆಲುಗು ಮನೆಮಾತಿನವರು ಹೆಚ್ಚಿದ್ದರೆ ಆ ಭಾಷೆಯಲ್ಲೂ ನಾಲ್ಕು ಸಾಲು ಸೇರಿಸಿ. ಎಷ್ಟು ಪೀರಿಯಡ್, ಯಾವ ವಿಷಯ, ಯಾವ ಜಾಗಕ್ಕೆ ಭೇಟಿ, ಪೂಜೆ ಪ್ರಾರ್ಥನೆ ಯಾವುದೂ ಇರುವುದಿಲ್ಲ ಎಂಬ ಒಂದು ವಾಕ್ಯ, ಅನುಮಾನ ಇದ್ದವರು ಯಾವತ್ತು ಎಷ್ಟು ಹೊತ್ತಿಗೆ ಬಂದು ಮಾತಾಡಬಹುದು, ಇಷ್ಟಿದ್ದರೆ ಸಾಕು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಆಮೇಲೆ ಯಾರಾದರೂ ದೂರು ತಂದರೆ ಹೆಡ್‌ಮಾಸ್ಟರ್ ಕೈಯಲ್ಲಿ ಏನಾದರೂ ಇರಬೇಕಲ್ಲ. ದೂರುಗಳಲ್ಲಿ ಬಹುಪಾಲು ಪಾಠದ ಮೇಲೆ ಬರುವುದಿಲ್ಲ. ಮಗು ಮನೆಗೆ ಹೋಗಿ ಅರ್ಧಂಬರ್ಧ ಹೇಳಿದ್ದರ ಮೇಲೆ ಬರುತ್ತವೆ. ಪತ್ರ ಮೊದಲೇ ತಲುಪಿದ್ದರೆ ಆ ಅರ್ಧ ಮಾತು ಮನೆಯಲ್ಲೇ ಪೂರ್ತಿಯಾಗುತ್ತದೆ.

ಮಾತಿನ ವ್ಯಾಕರಣ

ಈ ಪಾಠ ಕೆಡುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. ಮೂರು ವಾಕ್ಯ ನೋಡಿ. "ದೇವದೂತ ಜಿಬ್ರೀಲ್ ಪೈಗಂಬರರಿಗೆ ಕುರಾನ್ ತಿಳಿಸಿದರು." "ದೇವದೂತ ಜಿಬ್ರೀಲ್ ಪೈಗಂಬರರಿಗೆ ಕುರಾನ್ ತಿಳಿಸಿದರಂತೆ." "ದೇವದೂತ ಜಿಬ್ರೀಲ್ ಪೈಗಂಬರರಿಗೆ ಕುರಾನ್ ತಿಳಿಸಿದರು ಎಂದು ಮುಸ್ಲಿಮರು ನಂಬುತ್ತಾರೆ." ಮೊದಲನೆಯದು ನಂಬಿದವರ ಮಾತು, ಮಸೀದಿಯಲ್ಲಿ ಸರಿ, ತರಗತಿಯಲ್ಲಿ ಅಲ್ಲ. ಎರಡನೆಯದರ "ಅಂತೆ" ಇನ್ನೂ ಅಪಾಯ. ಕನ್ನಡದಲ್ಲಿ ಆ ಒಂದು ಪ್ರತ್ಯಯಕ್ಕೆ "ನನಗೇನೋ ಅನುಮಾನ" ಎಂಬ ಧ್ವನಿ ತಾನಾಗಿಯೇ ಅಂಟಿಕೊಳ್ಳುತ್ತದೆ, ಮಕ್ಕಳಿಗೆ ಅದು ಥಟ್ಟನೆ ಕೇಳಿಸುತ್ತದೆ. ಮೂರನೆಯದೇ ತರಗತಿಯ ಭಾಷೆ. ಗಂಗೆ ಶಿವನ ಜಟೆಯಿಂದ ಇಳಿದಳು ಎಂಬುದಕ್ಕೂ, ಯೇಸು ಮೂರನೆಯ ದಿನ ಎದ್ದರು ಎಂಬುದಕ್ಕೂ, ಜೈನ ತೀರ್ಥಂಕರರ ಕೇವಲಜ್ಞಾನಕ್ಕೂ (ಪೂರ್ಣ ಜ್ಞಾನ) ಇದೇ ವಾಕ್ಯರಚನೆ ಬಳಸಿ. ಒಂದು ಧರ್ಮಕ್ಕೆ "ನಡೆಯಿತು", ಇನ್ನೊಂದಕ್ಕೆ "ನಂಬುತ್ತಾರೆ" ಎಂದರೆ ಮುಗಿಯಿತು, ನೀವು ಪಕ್ಷ ವಹಿಸಿದ ಹಾಗೆ. ಪಾಠದ ಟಿಪ್ಪಣಿಯನ್ನು ಬರೆದ ಮೇಲೆ ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಎಳೆದು ಒಮ್ಮೆ ಓದಿ ನೋಡಿ.

ಎರಡನೆಯದು ಗೌರವದ ರೂಪ. "ರಾಮ ಕಾಡಿಗೆ ಹೋದ" ಎನ್ನುವುದು ಕನ್ನಡದಲ್ಲಿ ಅಗೌರವ ಅಲ್ಲ. ದೇವರನ್ನು ಏಕವಚನದಲ್ಲಿ ಕರೆಯುವುದು ನಮ್ಮ ಸಲುಗೆ. ಹಳೆಯ ಕನ್ನಡ ಬೈಬಲ್ ಅನುವಾದದಲ್ಲೂ ಯೇಸು "ಹೇಳಿದನು" ಎಂದೇ ಇದೆ. ಆದರೆ ಪೈಗಂಬರರನ್ನು ಏಕವಚನದಲ್ಲಿ ಹೇಳಿದರೆ ಮುಸ್ಲಿಂ ಮಕ್ಕಳ ಮುಖ ಬಾಡುತ್ತದೆ, ಬಸವಣ್ಣನವರನ್ನು ಹೇಳಿದರೆ ಲಿಂಗಾಯತ ಮನೆಯವರಿಗೆ ಚುಚ್ಚುತ್ತದೆ. ಆಯಾ ಸಮುದಾಯ ಹೇಗೆ ಕರೆಯುತ್ತದೋ ಹಾಗೆ ಕರೆಯುವುದು ಒಂದು ದಾರಿ. ಇಡೀ ತರಗತಿಗೆ ಗೊಂದಲ ಆಗುವಂತಿದ್ದರೆ ಎಲ್ಲರಿಗೂ ಬಹುವಚನ ಬಳಸಿ.

ಮೂರನೆಯದು "ನಾವು", "ಅವರು". "ನಮ್ಮ ಹಬ್ಬ ಯುಗಾದಿ, ಅವರ ಹಬ್ಬ ರಂಜಾನ್" ಎಂದು ಬಾಯಿತಪ್ಪಿ ಬಂದರೂ ತರಗತಿಯ ನಾಲ್ಕೈದು ಮಕ್ಕಳು ಆ ಕ್ಷಣದಲ್ಲಿ ಹೊರಗಿನವರಾಗಿಬಿಡುತ್ತಾರೆ. ಸಮುದಾಯದ ಹೆಸರು ಹೇಳಿ, ಸರ್ವನಾಮ ಬಿಡಿ. "ನಾವು" ಎಂಬುದನ್ನು ತರಗತಿಗೆ ಮೀಸಲಿಡಿ.

"ಧರ್ಮ" ಎಂಬ ಪದವೇ ಮೊದಲ ಪೀರಿಯಡ್‌ಗೆ ಒಳ್ಳೆಯ ವಸ್ತು. ಧರ್ಮಸಂಕಟ, ಧರ್ಮಾಸ್ಪತ್ರೆ, ಧರ್ಮಛತ್ರ, ಧರ್ಮದೇಟು, "ಧರ್ಮಕ್ಕೆ ಸಿಕ್ಕಿತು" ಎಲ್ಲವನ್ನೂ ಬೋರ್ಡ್ ಮೇಲೆ ಬರೆಸಿ, ಒಂದೊಂದರಲ್ಲೂ ಅರ್ಥ ಏನು ಎಂದು ಕೇಳಿ. ಕರ್ತವ್ಯ, ದಾನ, ನ್ಯಾಯ, ಸ್ವಭಾವ, ಮತ, ಇಷ್ಟೂ ಒಂದೇ ಪದದಲ್ಲಿವೆ ಎಂದು ಗೊತ್ತಾದ ಮೇಲೆ ಮುಂದಿನ ಚರ್ಚೆ ಹದವಾಗಿ ನಡೆಯುತ್ತದೆ. ಇದಕ್ಕೆ 40 ನಿಮಿಷ ಸಾಕು.

ವಾರಕ್ಕೊಂದು ಧರ್ಮ ಬೇಡ, ಒಂದು ಎಳೆ ಹಿಡಿಯಿರಿ

ಮೊದಲ ವಾರ ಹಿಂದೂ, ಎರಡನೇ ವಾರ ಇಸ್ಲಾಂ, ಮೂರನೇ ವಾರ ಕ್ರೈಸ್ತ ಎಂದು ಹಂಚಿಕೊಂಡರೆ ಪರೀಕ್ಷೆಯ ಹೊತ್ತಿಗೆ ಪಾರ್ಸಿ, ಸಿಖ್, ಬೌದ್ಧ ಎಲ್ಲ ಒಂದೇ ಪ್ಯಾರಾಗೆ ಇಳಿದಿರುತ್ತವೆ. ಜೊತೆಗೆ ಪ್ರತಿ ಧರ್ಮವೂ ಒಂದೇ ಮುದ್ದೆಯ ಹಾಗೆ ಕಾಣುತ್ತದೆ. ಊರಿನ ದೇವತೆ ಅಣ್ಣಮ್ಮನಿಗೆ ನಡೆದುಕೊಳ್ಳುವ ಮನೆಗೂ ಮಧ್ವ ಸಂಪ್ರದಾಯದ ಮನೆಗೂ ಆಚರಣೆಯಲ್ಲಿ ಅಜಗಜಾಂತರ. ಸುನ್ನಿ ಮತ್ತು ಶಿಯಾ ಮನೆಗಳಲ್ಲಿ ಮೊಹರಂ ಬೇರೆ ಬೇರೆ. ದಿಗಂಬರ ಶ್ವೇತಾಂಬರ, ಕ್ಯಾಥೊಲಿಕ್ ಮತ್ತು ಸಿಎಸ್‌ಐ (ಪ್ರಾಟೆಸ್ಟೆಂಟ್) ಕೂಡ ಹಾಗೆಯೇ. ಒಂದು ಎಳೆ ಹಿಡಿದು ಎಲ್ಲರ ಮನೆಗೂ ಹೋಗುವುದು ಉತ್ತಮ: ನೀರು, ಉಪವಾಸ, ಬೆಳಕು, ಹೆಸರಿಡುವುದು, ಸಾವಿನ ನಂತರದ ಕ್ರಿಯೆಗಳು. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಸೊಗಸಾಗಿ ಕೂರುವ ಎಳೆ ಕ್ಯಾಲೆಂಡರ್. ಅದರಲ್ಲಿ ಗಣಿತ ಇದೆ, ಆಕಾಶ ಇದೆ, ಯಾರ ಮನಸ್ಸಿಗೂ ನೋವಾಗುವುದಿಲ್ಲ.

ಬೇಕಾಗುವ ಸಾಮಾನು: ಗೋಡೆಗೆ ತೂಗುಹಾಕುವ ಕನ್ನಡ ಕ್ಯಾಲೆಂಡರ್, ಒಂದು ಪಂಚಾಂಗ, ಶಿವಾಜಿನಗರದ ಅಂಗಡಿಗಳಲ್ಲಿ ಸಿಗುವ ಹಿಜರಿ ಕ್ಯಾಲೆಂಡರ್, ಯಾವುದಾದರೂ ಚರ್ಚಿನ ವರ್ಷದ ಕ್ಯಾಲೆಂಡರ್. ನಲವತ್ತು ಮಕ್ಕಳಿಗೆ ಎಂಟು ಗುಂಪು, ಗುಂಪಿಗೊಂದು ಚಾರ್ಟ್ ಹಾಳೆ. ಎರಡು ಪೀರಿಯಡ್ ಇಟ್ಟುಕೊಳ್ಳಿ.

ಮೊದಲ ಲೆಕ್ಕ: ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಹನ್ನೆರಡರಿಂದ ಗುಣಿಸಿದರೆ 354.36. ಸೌರ ವರ್ಷ 365.24 ದಿನ. ವ್ಯತ್ಯಾಸ 10.88. ಈ ಹನ್ನೊಂದು ದಿನವನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಒಂದೊಂದು ಸಂಪ್ರದಾಯ ಒಂದೊಂದು ಉತ್ತರ ಕೊಟ್ಟಿದೆ. ಹಿಜರಿ ಲೆಕ್ಕ ಚಂದ್ರನನ್ನು ಮಾತ್ರ ಅನುಸರಿಸುತ್ತದೆ. ಹಾಗಾಗಿ ರಂಜಾನ್ ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಚಾಂದ್ರಮಾನ ಪಂಚಾಂಗ ಚಂದ್ರನ ಜೊತೆಗೆ ಋತುವನ್ನೂ ಹಿಡಿದಿಟ್ಟುಕೊಳ್ಳಬೇಕು. ಅದಕ್ಕೇ ಮೂರು ವರ್ಷಕ್ಕೆ ಹತ್ತಿರ ಹತ್ತಿರ ಒಂದು ಅಧಿಕ ಮಾಸ. ಮಕ್ಕಳೇ ಲೆಕ್ಕ ಹಾಕಲಿ: 19 ವರ್ಷಕ್ಕೆ 228 ತಿಂಗಳು, ಏಳು ಅಧಿಕ ಮಾಸ ಸೇರಿದರೆ 235. ಈಗ 19ನ್ನು 365.24ರಿಂದಲೂ 235ನ್ನು 29.53ರಿಂದಲೂ ಗುಣಿಸಿ ನೋಡಲಿ. ಎರಡೂ 6939.5ರ ಆಸುಪಾಸು ಬಂದು ನಿಲ್ಲುವುದನ್ನು ಕಂಡಾಗ ತರಗತಿಯಲ್ಲಿ ಒಂದು ಕ್ಷಣ ಗದ್ದಲ ನಿಲ್ಲುತ್ತದೆ. ಈಸ್ಟರ್ ಭಾನುವಾರ ಕೂಡ ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆಯ ನಂತರದ್ದು. ಪಾರ್ಸಿಗಳ ಶಹನ್‌ಶಾಹಿ ಲೆಕ್ಕದಲ್ಲಿ 30 ದಿನದ 12 ತಿಂಗಳು, ಮೇಲೆ 5 ದಿನ, ಅಧಿಕ ವರ್ಷ ಇಲ್ಲವೇ ಇಲ್ಲ. ಆದ್ದರಿಂದ ನಾಲ್ಕು ವರ್ಷಕ್ಕೊಂದು ದಿನ ಜಾರುತ್ತಾ ಆ ಹೊಸ ವರ್ಷ ಈಗ ಆಗಸ್ಟ್ ನಡುವಿಗೆ ಬಂದಿದೆ. ಸಂಕ್ರಾಂತಿ, ಕ್ರಿಸ್‌ಮಸ್ ಸೂರ್ಯನ ಲೆಕ್ಕದವು, ತಾರೀಖು ಹೆಚ್ಚು ಕದಲುವುದಿಲ್ಲ. ಸಂಕ್ರಾಂತಿಯ ಸಂಜೆ ಗವಿಪುರದ ಗುಹಾ ದೇವಾಲಯದಲ್ಲಿ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಒಳಗೆ ಹಾಯುವುದನ್ನು ಇಲ್ಲಿ ನೆನಪಿಸಬಹುದು.

ಎರಡನೇ ಪೀರಿಯಡ್‌ನಲ್ಲಿ 2022ರ ಏಪ್ರಿಲ್, ಮೇ ಪುಟ ಕೊಡಿ. ಏಪ್ರಿಲ್ 2 ಯುಗಾದಿ, ಮರುದಿನದಿಂದ ರಂಜಾನ್ ಉಪವಾಸ. 14 ಮಹಾವೀರ ಜಯಂತಿ, 15 ಗುಡ್‌ಫ್ರೈಡೆ, 16ರ ರಾತ್ರಿ ಬೆಂಗಳೂರು ಕರಗ, 17 ಈಸ್ಟರ್. ಮೇ 3ಕ್ಕೆ ಬಸವ ಜಯಂತಿ, ಅಕ್ಷಯ ತೃತೀಯ, ಈದ್ ಮೂರೂ ಒಟ್ಟಿಗೆ. ಯಾಕೆ ಹೀಗಾಯಿತು ಎಂದು ಕೇಳಿ, ಉತ್ತರ ಹೇಳಬೇಡಿ. ಅಮಾವಾಸ್ಯೆ ಹುಣ್ಣಿಮೆ ಗುರುತು ಹಾಕಿದ ಗುಂಪು ತಾನೇ ಕಂಡುಕೊಳ್ಳುತ್ತದೆ: ಚೈತ್ರದ ಬಿದಿಗೆ ತದಿಗೆಯ ಚಂದ್ರನೂ ರಂಜಾನಿನ ಹೊಸ ಚಂದ್ರನೂ ಒಬ್ಬನೇ, ಕರಗದ ಹುಣ್ಣಿಮೆಯೂ ಈಸ್ಟರ್‌ಗೆ ಮೊದಲಿನ ಹುಣ್ಣಿಮೆಯೂ ಒಂದೇ.

ಇಲ್ಲಿ ಆಗುವ ತಪ್ಪು ಒಂದೇ. ಯಾವುದೋ ಒಂದು ಲೆಕ್ಕವನ್ನು "ಸರಿ" ಎಂದು ಇಟ್ಟುಕೊಂಡು ಉಳಿದವು "ತಪ್ಪಿಹೋಗಿವೆ" ಎನ್ನುವುದು. ಚಂದ್ರನಿಗೆ ನಿಷ್ಠೆಯೋ, ಸೂರ್ಯನಿಗೋ, ಇಬ್ಬರಿಗೋ ಎಂಬ ಆಯ್ಕೆ ಅಷ್ಟೇ ಅದು. ಶಾಲೆಗೂ ಈ ಪಾಠದಿಂದ ಒಂದು ಉಪಯೋಗ ಉಂಟು: ಈದ್ ಚಂದ್ರದರ್ಶನದ ಮೇಲೆ ನಿಂತಿರುವುದರಿಂದ ಕ್ಯಾಲೆಂಡರಿನ ದಿನದ ಹಿಂದೆ ಮುಂದೆ ಒಂದೊಂದು ದಿನ ಟೆಸ್ಟ್ ಇಡಬೇಡಿ.

ಜಗಳದ ಪಾಠವೂ ಇರಲಿ: 1368ರ ಶಾಸನ

ಬರೀ ಹಬ್ಬ, ತಿಂಡಿ, ಬಣ್ಣ ಎಂದು ಹೋದರೆ ಮಕ್ಕಳಿಗೆ ನೀವು ಏನೋ ಮುಚ್ಚಿಡುತ್ತಿದ್ದೀರಿ ಅನ್ನಿಸುತ್ತದೆ. ನಮ್ಮ ನೆಲದಲ್ಲೇ ಇದಕ್ಕೊಂದು ಅಮೂಲ್ಯ ದಾಖಲೆ ಇದೆ. 1368ರಲ್ಲಿ, ವಿಜಯನಗರದ ಒಂದನೇ ಬುಕ್ಕರಾಯನ ಕಾಲದಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂತು. ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ರಾಜನಲ್ಲಿ ದೂರಿದರು. ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಮೊದಲಿನಂತೆಯೇ ಸಲ್ಲುತ್ತದೆ ಎಂದು ತೀರ್ಪು ಕೊಟ್ಟ. ರಾಜ್ಯದ ಜೈನ ಮನೆಗಳಿಂದ ವರ್ಷಕ್ಕೆ ಮನೆಗೊಂದು ಹಣ (ಆಗಿನ ನಾಣ್ಯ) ಎತ್ತಿ, ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಅದರಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡಬೇಕು, ಉಳಿದದ್ದು ಜೀರ್ಣ ಜಿನಾಲಯಗಳ ದುರಸ್ತಿಗೆ. ಈ ಶಾಸನ ಶ್ರವಣಬೆಳಗೊಳದಲ್ಲಿದೆ. ಇದೇ ತೀರ್ಪಿನ ಇನ್ನೊಂದು ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ, ಬೆಂಗಳೂರಿನಿಂದ ಒಂದು ದಿನದಲ್ಲಿ ಹೋಗಿ ಬರಬಹುದು.

ಈ ಪಾಠಕ್ಕೆ ಎರಡು ಪೀರಿಯಡ್ ಕೊಡಿ. ಮೇಲಿನ ಸಾರಾಂಶವನ್ನು ಬೋರ್ಡ್ ಮೇಲೆ ಬರೆದು ಪ್ರಶ್ನೆಗಳನ್ನು ಮಾತ್ರ ಮುಂದಿಡಿ. ದೂರು ಕೊಟ್ಟವರು ಯಾರು, ಯಾರ ಮೇಲೆ? ಕಾವಲಿನ ಹಣ ಯಾರ ಜೇಬಿನಿಂದ ಹೋಯಿತು? ಆ ಹಣದ ಉಸ್ತುವಾರಿ ಯಾರ ಕೈಗೆ ಬಂತು? ನೊಂದವರೇ ಹಣ ಕೊಡಬೇಕಾದದ್ದು ನ್ಯಾಯವೇ? ಎದುರಾಳಿಯನ್ನೇ ಕಾವಲಿಗೆ ಹೊಣೆ ಮಾಡಿದ್ದು ಜಾಣತನವೇ? ಕಲ್ಲಿನ ಮೇಲೆ ಕೆತ್ತಿಸಿ ಎರಡು ಊರಲ್ಲಿ ನಿಲ್ಲಿಸುವ ಅಗತ್ಯ ಯಾಕೆ ಬಿತ್ತು? ಹದಿನಾಲ್ಕರ ಮಕ್ಕಳು ಈ ಪ್ರಶ್ನೆಗಳ ಮೇಲೆ ಚೆನ್ನಾಗಿ ವಾದಿಸುತ್ತಾರೆ. ನೀವು ತಪ್ಪಿಸಬೇಕಾದ ಹಳ್ಳಗಳು ಎರಡು. "ಹಿಂದೆ ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ದರು" ಎಂದರೆ ಸುಳ್ಳು, ದೂರು ಬಂದದ್ದೇ ಅದಕ್ಕೆ ಸಾಕ್ಷಿ. "ಯಾವಾಗಲೂ ಬಡಿದಾಡುತ್ತಿದ್ದರು" ಎಂದರೂ ಸುಳ್ಳು, ತೀರ್ಪು ಅದಕ್ಕೆ ಸಾಕ್ಷಿ.

ಜಾತಿಯ ವಿಷಯವನ್ನೂ ಇಲ್ಲೇ ಸೇರಿಸಬೇಕು. ದೇವಸ್ಥಾನದೊಳಗೆ ಯಾರನ್ನು ಬಿಡಲಿಲ್ಲ, ಯಾಕೆ, 17ನೇ ವಿಧಿ ಅಸ್ಪೃಶ್ಯತೆಯನ್ನು ಹೇಗೆ ರದ್ದು ಮಾಡಿತು, 12ನೇ ಶತಮಾನದ ಶರಣರು ಯಾವುದರ ವಿರುದ್ಧ ಮಾತಾಡಿದರು ಎಂಬುದನ್ನು ಬಿಟ್ಟು ಕರ್ನಾಟಕದಲ್ಲಿ ಧರ್ಮದ ಪಾಠ ಮಾಡಿದರೆ ಅರ್ಧ ತರಗತಿಯ ಮನೆಯ ಇತಿಹಾಸವನ್ನೇ ಬಿಟ್ಟಂತೆ.

ಸಾಮಾನು ಸರಂಜಾಮಿನಲ್ಲಿ ಆಗುವ ಎಡವಟ್ಟು

ವರ್ಕ್‌ಶೀಟ್ ಮೇಲೆ ದೇವರ ಚಿತ್ರ, ಕುರಾನಿನ ಆಯತ್, ಬೈಬಲ್ ವಚನ ಅಚ್ಚು ಹಾಕಬೇಡಿ. ಆ ಹಾಳೆ ಕಸದ ಬುಟ್ಟಿಗೋ ಬೋಂಡ ಕಟ್ಟುವ ಅಂಗಡಿಗೋ ಹೋಗುತ್ತದೆ, ಅಲ್ಲಿ ಕಂಡವರು ಶಾಲೆಗೆ ಬರುತ್ತಾರೆ. ಬೋರ್ಡ್ ಮೇಲೆ ಬರೆಯಿರಿ ಅಥವಾ ಪ್ರೊಜೆಕ್ಟರ್‌ನಲ್ಲಿ ತೋರಿಸಿ. ಗ್ರಂಥ ತಂದರೆ ನೆಲದ ಮೇಲಾಗಲಿ ಚಪ್ಪಲಿ ಚೀಲದ ಜೊತೆಗಾಗಲಿ ಇಡಬೇಡಿ. ಮೇಜಿನ ಮೇಲೆ ಒಗೆದ ಬಟ್ಟೆ ಹಾಸಿ ಇಡಿ. ಗುರು ಗ್ರಂಥ ಸಾಹಿಬ್ ಸಿಖ್ಖರಿಗೆ ಜೀವಂತ ಗುರು, ತರಗತಿಗೆ ತರುವ ವಸ್ತುವೇ ಅಲ್ಲ. ಪೈಗಂಬರರ ಚಿತ್ರ ಬಿಡಿಸಲು, ವೇಷ ಹಾಕಲು ಯಾರಿಗೂ ಹೇಳಬೇಡಿ. ಪೂಜೆ, ನಮಾಜ್, ಬ್ಯಾಪ್ಟಿಸಂ ಯಾವುದನ್ನೂ ಮಕ್ಕಳಿಂದ "ಮಾಡಿ ತೋರಿಸುವ" ಚಟುವಟಿಕೆ ಮಾಡಬೇಡಿ. ಅಲ್ಲಿಗೆ ಗೆರೆ ದಾಟಿಬಿಡುತ್ತದೆ.

ಭೇಟಿ: ಅರ್ಧ ದಿನದ ಪೇಟೆ ನಡಿಗೆ

ಕೆ.ಆರ್. ಮಾರ್ಕೆಟ್ ಮೆಟ್ರೊದಲ್ಲಿ ಇಳಿದರೆ ಟಿಪ್ಪು ಅರಮನೆ, ಅದರ ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ. ಅಲ್ಲಿಂದ ಮಾರ್ಕೆಟ್ ಬಳಿಯ ಜಾಮಿಯಾ ಮಸೀದಿ, ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನ, ಕೊನೆಗೆ ಕಾರ್ಪೊರೇಷನ್ ಬಳಿ 1904ರ ಹಡ್ಸನ್ ಚರ್ಚ್. ಎಲ್ಲ ಸೇರಿ ಸುಮಾರು 3 ಕಿ.ಮೀ. ಬೆಳಿಗ್ಗೆ 9ಕ್ಕೆ ಹೊರಟರೆ ಊಟದ ಹೊತ್ತಿಗೆ ಮುಗಿಯುತ್ತದೆ. ಧರ್ಮರಾಯಸ್ವಾಮಿ ದೇವಸ್ಥಾನದಲ್ಲಿ ನಿಂತು ಹೇಳಬೇಕಾದದ್ದು ಕರಗದ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ ಎಂಬುದನ್ನು. ದ್ರೌಪದಿಯನ್ನು ಆರಾಧಿಸುವ ತಿಗಳರ ಶಕ್ತ್ಯೋತ್ಸವಕ್ಕೆ ಸೂಫಿ ಸಂತರ ಸಮಾಧಿಯಲ್ಲಿ ಸ್ವಾಗತ ಸಿಗುವುದನ್ನು ಮಕ್ಕಳು ನಕ್ಷೆಯ ಮೇಲೆ ಗೆರೆ ಎಳೆದು ನೋಡಲಿ.

ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಒಟ್ಟು ಮೂವತ್ತಕ್ಕಿಂತ ಹೆಚ್ಚು ಬೇಡ; ಪೇಟೆಯ ಗಲ್ಲಿಗಳಲ್ಲಿ ಅದಕ್ಕಿಂತ ದೊಡ್ಡ ಗುಂಪು ಚದುರಿಹೋಗುತ್ತದೆ. ಶುಕ್ರವಾರ ಮತ್ತು ಭಾನುವಾರ ಬಿಡಿ. ಎರಡು ವಾರ ಮುಂಚೆ ನೀವೇ ಹೋಗಿ ಅರ್ಚಕರು, ಮಸೀದಿ ಕಮಿಟಿ, ಪಾದ್ರಿ ಮೂವರಲ್ಲೂ ಒಂದೇ ಪ್ರಶ್ನೆಗಳನ್ನು ಕೇಳಿ: ಹುಡುಗಿಯರು ಎಲ್ಲಿಯವರೆಗೆ ಬರಬಹುದು, ತಲೆಗೆ ಬಟ್ಟೆ ಬೇಕೆ, ಫೋಟೊ ತೆಗೆಯಬಹುದೇ, ಹತ್ತು ನಿಮಿಷ ವಿವರಿಸುವವರು ಯಾರು. ವಿವರಿಸುವವರಿಗೆ ನಮ್ರವಾಗಿ ಹೇಳಿಬಿಡಿ, "ಸ್ವಾಮಿ, ಮಕ್ಕಳಿಗೆ ಇಲ್ಲಿ ಏನು ನಡೆಯುತ್ತದೆ ಎಂದು ಹೇಳಿ, ಅವರಿಂದ ಏನನ್ನೂ ಮಾಡಿಸುವುದು ಬೇಡ."

ಹಿಂದಿನ ದಿನ ಮಕ್ಕಳಿಗೆ ತಿಳಿಸಬೇಕಾದದ್ದು: ಚಪ್ಪಲಿ ಬಿಡುವುದು ಮರ್ಯಾದೆ, ಕೈಮುಗಿಯುವುದು ಇಷ್ಟ. ತೀರ್ಥ, ಪ್ರಸಾದ, ಕುಂಕುಮ ಕೊಟ್ಟರೆ ತೆಗೆದುಕೊಳ್ಳಬಹುದು, "ಬೇಡ, ನಮಸ್ಕಾರ" ಎಂದು ಬಿಡಲೂಬಹುದು. ಇಷ್ಟು ಮೊದಲೇ ಹೇಳದಿದ್ದರೆ ಅಲ್ಲೇ ಒಂದು ಮಗು ಪೇಚಿಗೆ ಸಿಗುತ್ತದೆ. ಯಾವ ಹುಡುಗಿಯನ್ನೂ "ನೀನು ಒಳಗೆ ಬರಬಹುದಾ" ಎಂದು ಕೇಳಬೇಡಿ. ಹೊರಗೆ ನಿಂತುಕೊಳ್ಳುವವರಿಗೆ ಗೋಪುರದ ಚಿತ್ರ ಬಿಡಿಸುವ ಕೆಲಸ ಇರಲಿ, ಅದರಲ್ಲಿ ಯಾರು ಬೇಕಾದರೂ ಸೇರಲಿ. ಆಗ ಕಾರಣ ಹೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಮಸೀದಿಯಲ್ಲಿ ದಿಕ್ಸೂಚಿ ಇಟ್ಟು ಮಿಹ್ರಾಬ್ (ಮೆಕ್ಕಾದ ದಿಕ್ಕು ತೋರುವ ಗೋಡೆಯ ಗೂಡು) ಯಾವ ಕಡೆಗಿದೆ ನೋಡಿ: ಬೆಂಗಳೂರಿನಿಂದ ಮೆಕ್ಕಾ ಪಶ್ಚಿಮದಿಂದ ಕೊಂಚ ಉತ್ತರಕ್ಕೆ ವಾಲುತ್ತದೆ.

ಇನ್ನೊಂದು ದಿನ ಸಿಕ್ಕರೆ ಹಲಸೂರು ಕೆರೆ ಬಳಿಯ ಗುರುದ್ವಾರ ಮತ್ತು ಗಾಂಧಿನಗರದ ಮಹಾಬೋಧಿ ಸೊಸೈಟಿ. ಗುರುದ್ವಾರಕ್ಕೆ ಎಲ್ಲರಿಗೂ ತಲೆಗೆ ಕರ್ಚೀಫ್ ಬೇಕು. ಕ್ವೀನ್ಸ್ ರಸ್ತೆಯ ಪಾರ್ಸಿ ಅಗ್ನಿಮಂದಿರದೊಳಗೆ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ಅದನ್ನು ರಸ್ತೆಯಿಂದಲೇ ತೋರಿಸಿ. ಬಾಗಿಲು ತೆರೆದಿಡುವ ಸಂಪ್ರದಾಯವೂ ಮುಚ್ಚಿಡುವ ಸಂಪ್ರದಾಯವೂ ಇವೆ ಎಂಬುದೂ ಪಾಠದ ಭಾಗವೇ.

ಕಷ್ಟದ ಪ್ರಶ್ನೆಗಳು

"ಮಿಸ್, ದೇವರು ನಿಜವಾಗ್ಲೂ ಇದಾನಾ?" ಉತ್ತರ: "ಇದ್ದಾನೆ ಎನ್ನುವವರು, ಇಲ್ಲ ಎನ್ನುವವರು, ಗೊತ್ತಿಲ್ಲ ಎನ್ನುವವರು ಮೂವರೂ ಈ ಊರಲ್ಲಿದ್ದಾರೆ. ಅವರವರ ಕಾರಣ ಏನು ಎಂದು ಇಲ್ಲಿ ನೋಡೋಣ, ನಿನ್ನ ಉತ್ತರ ನಿನ್ನದು." ಜೈನ, ಬೌದ್ಧ ದರ್ಶನಗಳಲ್ಲಿ ಸೃಷ್ಟಿಕರ್ತ ದೇವರಿಲ್ಲ ಎಂಬುದನ್ನು ಇಲ್ಲಿ ಹೇಳಿದರೆ ಪ್ರಶ್ನೆಗೆ ಹೊಸ ಆಳ ಬರುತ್ತದೆ. ದೇವರನ್ನು ನಂಬದ ಮನೆಯ ಮಗುವೂ ತರಗತಿಯಲ್ಲಿರಬಹುದು, ಅದರ ಪಾಲಿಗೂ ಒಂದು ವಾಕ್ಯ ಇರಲಿ.

"ಸಾರ್, ನೀವು ಯಾವ ಜಾತಿ?" ಕೋಪ ಮಾಡಿಕೊಳ್ಳಬೇಡಿ, ಉತ್ತರವನ್ನೂ ಕೊಡಬೇಡಿ. "ಇದರ ಉತ್ತರ ಗೊತ್ತಾದರೆ ನನ್ನ ಪಾಠ ನಿನಗೆ ಬೇರೆ ಥರ ಕೇಳಿಸುತ್ತದೆ, ಅದಕ್ಕೇ ಹೇಳುವುದಿಲ್ಲ" ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ.

"ಲಿಂಗಾಯತರು ಹಿಂದೂಗಳಾ?" ಹೌದು ಎನ್ನುವವರೂ ಬೇರೆ ಧರ್ಮ ಎನ್ನುವವರೂ ಸಮುದಾಯದ ಒಳಗೇ ಇದ್ದಾರೆ, ಇಬ್ಬರ ವಾದವನ್ನೂ ಎರಡೆರಡು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ವಿಜ್ಞಾನದ ಪೀರಿಯಡ್‌ನ ಜೀವವಿಕಾಸ ಮತ್ತು ಸೃಷ್ಟಿಕಥೆಗಳ ಪ್ರಶ್ನೆ ಬಂದರೆ ಅಳುಕದೆ ಹೇಳಿ: ವಿಜ್ಞಾನದ ಪರೀಕ್ಷೆಗೆ ಪುರಾವೆಯೇ ಉತ್ತರ. ವೈಜ್ಞಾನಿಕ ಮನೋಭಾವ ಬೆಳೆಸುವುದು 51ಎ ವಿಧಿಯ ಪ್ರಕಾರ ನಾಗರಿಕರ ಕರ್ತವ್ಯ.

ಹಿಜಾಬ್ ಪ್ರಶ್ನೆ ಕರ್ನಾಟಕದ ತರಗತಿಯಲ್ಲಿ ಬಂದೇ ಬರುತ್ತದೆ. ದಾಖಲೆ ಇಷ್ಟು: ಸಮವಸ್ತ್ರ ಕುರಿತ 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಎರಡೂ ಕಡೆಯ ನ್ಯಾಯಮೂರ್ತಿಗಳ ಕಾರಣಗಳನ್ನು ಓದಿಸಿ. ತರಗತಿಯಲ್ಲಿ ಕೂತಿರುವ ಹುಡುಗಿಯ ಕಡೆಗೆ ಮಾತ್ರ ಕಣ್ಣೂ ಬೆರಳೂ ಹೋಗಬಾರದು. ಎಲ್ಲ ವಿಷಯಕ್ಕೂ ಇದೇ ನಿಯಮ: "ಇಮ್ರಾನ್, ನಿಮ್ಮಲ್ಲಿ ಹೇಗೆ, ಹೇಳು" ಎಂದು ಒಂದು ಮಗುವನ್ನು ಇಡೀ ಸಮುದಾಯದ ವಕೀಲನನ್ನಾಗಿ ಮಾಡಬೇಡಿ. ತಾನಾಗಿ ಹೇಳಿದರೆ ಕೇಳಿ, "ನಿಮ್ಮ ಮನೆಯಲ್ಲಿ ಹೀಗೆ" ಎಂದಷ್ಟೇ ಬರೆದುಕೊಳ್ಳಿ.

ಊಟದ ಬಗ್ಗೆ, ಹೆಸರಿನ ಬಗ್ಗೆ ಯಾರಾದರೂ ಹೀಯಾಳಿಸಿದರೆ ಪಾಠ ನಿಲ್ಲಿಸಿ. ಹೀಯಾಳಿಸಿದ ಮಗುವನ್ನು ಎಲ್ಲರೆದುರು ಬೈಯಬೇಡಿ. ಪೀರಿಯಡ್ ಮುಗಿದ ಮೇಲೆ ಬೇರೆಯಾಗಿ ಮಾತಾಡಿಸಿ, ನೊಂದ ಮಗುವನ್ನೂ ಅದೇ ದಿನ ಮಾತಾಡಿಸಿ. ಶಿಕ್ಷಕರೇ ಹಾಗೆ ಆಡಿದರೆ ಅದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದ ಮಾನಸಿಕ ಹಿಂಸೆ.

ಬೆಳಗಿನ ಪ್ರಾರ್ಥನೆ

ಅಸೆಂಬ್ಲಿಯಲ್ಲಿ ಒಂದೇ ಧರ್ಮದ ಪ್ರಾರ್ಥನೆ ಇದ್ದರೆ ಒಲ್ಲದ ಮಗು ಸುಮ್ಮನೆ ನಿಂತಿರಲು ಅವಕಾಶ ಇರಲೇಬೇಕು. 1986ರ ಬಿಜೊ ಇಮ್ಯಾನ್ಯುಯೆಲ್ ಪ್ರಕರಣ ನೆನಪಿರಲಿ: ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ನಂಬಿಕೆಯ ಕಾರಣಕ್ಕೆ ಹಾಡದೆ ಇದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹಾಕಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿತು. ಎರಡು ನಿಮಿಷದ ಮೌನ ಎಲ್ಲರಿಗೂ ಒಗ್ಗುತ್ತದೆ. ವಿಶ್ವವಿದ್ಯಾಲಯ ಶಿಕ್ಷಣ ಕುರಿತ 1948–49ರ ರಾಧಾಕೃಷ್ಣನ್ ಆಯೋಗ ಸೂಚಿಸಿದ್ದೂ ಮೌನ ಧ್ಯಾನವನ್ನೇ.

ಅಂಕ ಕೊಡುವಾಗ

ನಂಬಿಕೆಗೆ ಅಂಕ ಇಲ್ಲ. "ನಿನಗೆ ಇಷ್ಟವಾದ ಧರ್ಮ ಯಾವುದು, ಯಾಕೆ?", "ಯಾವ ಧರ್ಮ ಶ್ರೇಷ್ಠ?" ಎಂಬ ಪ್ರಶ್ನೆ ಯಾವ ಟೆಸ್ಟಿನಲ್ಲೂ ಬರಬಾರದು. 20 ಅಂಕದ ಟೆಸ್ಟ್ ಆದರೆ ಹೀಗೆ ಹಂಚಬಹುದು: ಪದಗಳ ಅರ್ಥಕ್ಕೆ 4, ಒಂದು ಆಚರಣೆಯನ್ನು ಆಚರಿಸುವವರ ದೃಷ್ಟಿಯಿಂದ ವಿವರಿಸಲು 5, ಕ್ಯಾಲೆಂಡರ್ ಲೆಕ್ಕಕ್ಕೆ 5, 1368ರ ತೀರ್ಪಿನ ಮೇಲೆ ಕಾರಣ ಕೊಟ್ಟು ಅಭಿಪ್ರಾಯ ಬರೆಯಲು 6. ಕೊನೆಯ ಪ್ರಶ್ನೆಯಲ್ಲಿ ತೀರ್ಪು ನ್ಯಾಯ ಎಂದರೂ ಅನ್ಯಾಯ ಎಂದರೂ ಪೂರ್ತಿ ಅಂಕ ಸಿಗಬೇಕು. ಕಾರಣವನ್ನು ಶಾಸನದ ಒಳಗಿನಿಂದ ತೆಗೆದಿದ್ದಾರೆಯೇ ಎಂಬುದನ್ನು ಮಾತ್ರ ನೋಡಿ. ಎರಡನೇ ಪ್ರಶ್ನೆಗೆ ಮಗು ತನ್ನ ಮನೆಯ ಆಚರಣೆಯನ್ನು ಆರಿಸಿಕೊಳ್ಳದಂತೆ ಷರತ್ತು ಹಾಕಿ: ರಂಜಾನ್ ಉಪವಾಸದ ಬಗ್ಗೆ ಶ್ರೀವೈಷ್ಣವರ ಹುಡುಗ, ಏಕಾದಶಿಯ ಬಗ್ಗೆ ಕ್ಯಾಥೊಲಿಕ್ ಹುಡುಗಿ ಬರೆಯಲಿ. ಉತ್ತರ ಪತ್ರಿಕೆ ತಿದ್ದುವ ಮೊದಲು ಹೆಸರಿನ ಜಾಗವನ್ನು ಮಡಿಚಿ ಪಿನ್ ಹಾಕಿಬಿಡಿ.